ಊರು ಬದಲಿಸುವಾಗ ಮಕ್ಕಳಿಗೆ ಡೇಕೇರ್, ಶಾಲೆ ಹುಡುಕುವುದು: ಯಾವುದು ಮೊದಲು, ಯಾವುದು ಆಮೇಲೆ

ಮೊದಲು ಮನೆ, ಆಮೇಲೆ ಶಾಲೆ, ಸಾಮಾನು ಬಿಚ್ಚಿದ ಮೇಲೆ ಡೇಕೇರ್. ಹೆಚ್ಚಿನವರು ಹಿಡಿಯುವ ಕ್ರಮ ಇದು, ಎಡವುವುದೂ ಇದರಲ್ಲೇ. ಬಾಡಿಗೆ ಕರಾರಿಗೆ ಸಹಿ ಬಿದ್ದ ಮೇಲೆ ಹತ್ತಿರದ ಶಾಲೆಯಲ್ಲಿ ಸೀಟಿಲ್ಲ ಎಂದು ಗೊತ್ತಾಗುತ್ತದೆ. ಕೆಲಸಕ್ಕೆ ಸೇರುವ ದಿನ ಬಂದರೂ ಮಗುವನ್ನು ನೋಡಿಕೊಳ್ಳುವವರು ಸಿಕ್ಕಿರುವುದಿಲ್ಲ. ಕೆಳಗಿನ ಹಂತಗಳು ದೇಶ ಬಿಟ್ಟು ಹೋಗುವವರಿಗೂ ಒಂದೇ ದೇಶದೊಳಗೆ ಊರು ಬದಲಿಸುವವರಿಗೂ ಹೊಂದುತ್ತವೆ. ನಿಯಮಗಳು ಊರೂರಿಗೆ ಬೇರೆಯಾದರೂ ಕೆಲಸದ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಕೈಯಲ್ಲಿ ಇರಬೇಕಾದವು

ಒಂದು ಎಕ್ಸೆಲ್ ಹಾಳೆ ಅಥವಾ ನೋಟ್‌ಬುಕ್: ಪ್ರತಿ ಡೇಕೇರ್, ಪ್ರತಿ ಶಾಲೆಗೆ ಒಂದು ಸಾಲು. ಅದರಲ್ಲಿ ಫೋನ್ ಮಾಡಿದ ದಿನ, ಮಾತನಾಡಿದವರ ಹೆಸರು, ಅವರು ಹೇಳಿದ್ದು, ಮತ್ತೆ ಕೇಳಬೇಕಾದ ದಿನ. ದಾಖಲೆಗಳಿಗೆ ಒಂದು ಫೈಲು, ಅದರದೇ ಸ್ಕ್ಯಾನ್ ಪ್ರತಿಗಳು ಫೋನಿನಲ್ಲಿ. ಎಲ್ಲ ಪತ್ರವ್ಯವಹಾರಕ್ಕೂ ಒಂದೇ ಇಮೇಲ್ ಐಡಿ, ಅದು ಅಪ್ಪ ಅಮ್ಮ ಇಬ್ಬರಿಗೂ ತೆರೆಯುವಂತಿರಲಿ. ಸೀಟು ಖಾಲಿಯಾದಾಗ ಉತ್ತರಿಸಲು ಒಂದೆರಡು ದಿನವಷ್ಟೇ ಕೊಡುವ ಕಡೆಗಳಿವೆ. ಒಬ್ಬರು ಪ್ರಯಾಣದಲ್ಲಿದ್ದರೆ ಇನ್ನೊಬ್ಬರು ನೋಡಬೇಕಲ್ಲ.

ಹಂತ 1: ನಿಮ್ಮದು ಸರದಿಯ ಸಮಸ್ಯೆಯೋ, ವಿಳಾಸದ ಸಮಸ್ಯೆಯೋ?

ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಸೀಟು ಕೊಡುವುದು ಬಹುತೇಕ ದೇಶಗಳಲ್ಲಿ ಸರ್ಕಾರದ ಹೊಣೆ. ಆದರೆ ಯಾವ ಶಾಲೆ ಎಂಬುದನ್ನು ಸಾಮಾನ್ಯವಾಗಿ ನಿಮ್ಮ ಮನೆಯ ವಿಳಾಸ ತೀರ್ಮಾನಿಸುತ್ತದೆ. ಅದಕ್ಕಿಂತ ಚಿಕ್ಕ ಮಗುವಿನ ವಿಷಯದಲ್ಲಿ ವಿಳಾಸಕ್ಕಿಂತ ವೇಟಿಂಗ್ ಲಿಸ್ಟ್ ಮುಖ್ಯ. ಜರ್ಮನಿಯಲ್ಲಿ 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಮಗುವಿಗೆ ಶಿಶುಪಾಲನೆ ಕಾನೂನಿನ ಹಕ್ಕು. ಸ್ವೀಡನ್‌ನಲ್ಲಿ ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಸ್ಥಳೀಯ ಆಡಳಿತ ಜಾಗ ಒದಗಿಸಬೇಕು. ಇಷ್ಟು ಗಟ್ಟಿ ಕಾನೂನಿದ್ದರೂ ಅದು ನೀವು ಬಯಸಿದ ಡೇಕೇರ್‌ನಲ್ಲಿ, ಬಯಸಿದ ದಿನದಿಂದ ಸಿಗುತ್ತದೆ ಎಂದಲ್ಲ.

ಹಾಗಾಗಿ ಐದು ವರ್ಷದೊಳಗಿನ ಮಗುವಿದ್ದರೆ ಮನೆ ಗೊತ್ತಾಗುವ ಮೊದಲೇ ಡೇಕೇರ್ ಅರ್ಜಿಗಳು ಹೋಗಬೇಕು. ಶಾಲೆಯ ಮಗುವಿದ್ದರೆ ಶಾಲೆ ಪಕ್ಕಾ ಆಗದೆ ಮನೆಗೆ ಮುಂಗಡ ಕೊಡಬಾರದು. ಎರಡೂ ವಯಸ್ಸಿನ ಮಕ್ಕಳಿದ್ದರೆ ಮೊದಲು ಚಿಕ್ಕದರ ಅರ್ಜಿ ಹಾಕಿ. ಮನೆಯ ಜಾಗವನ್ನು ಮಾತ್ರ ದೊಡ್ಡದರ ಶಾಲೆ ನೋಡಿ ಗೊತ್ತುಮಾಡಿ.

ಹಂತ 2: ವಯಸ್ಸು ಮತ್ತು ತರಗತಿಯ ಲೆಕ್ಕ

"ಈಗ ಎರಡನೇ ಕ್ಲಾಸು, ಅಲ್ಲಿ ಮೂರನೇದು" ಎಂಬ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಎರಡು ಸಂಗತಿ ನೋಡಬೇಕು: ಶೈಕ್ಷಣಿಕ ವರ್ಷ ಶುರುವಾಗುವ ತಿಂಗಳು, ವಯಸ್ಸು ಎಣಿಸುವ ಕೊನೆಯ ದಿನ.

ಜಪಾನಿನಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆಯ ಹೊತ್ತಿಗೆ, ಯುರೋಪ್ ಮತ್ತು ಉತ್ತರ ಅಮೆರಿಕದ ಬಹುಭಾಗದಲ್ಲಿ ಆಗಸ್ಟ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋದರೆ ಅರ್ಧ ವರ್ಷ ಹಿಂದೆ ಬೀಳಬೇಕು, ಇಲ್ಲವೇ ಅರ್ಧ ವರ್ಷದ ಪಾಠ ಹಾರಿಸಬೇಕು. ಇಂಗ್ಲೆಂಡಿನಲ್ಲಿ ಆಗಸ್ಟ್ 31ರೊಳಗೆ ನಾಲ್ಕು ತುಂಬಿದ ಮಗು ಸಾಮಾನ್ಯವಾಗಿ ಆ ಸೆಪ್ಟೆಂಬರ್‌ನಲ್ಲೇ ಶಾಲೆಗೆ ಸೇರುತ್ತದೆ. ಫಿನ್‌ಲ್ಯಾಂಡಿನಲ್ಲಿ ಒಂದನೇ ತರಗತಿ ಶುರುವಾಗುವುದು ಮಗುವಿಗೆ ಏಳು ತುಂಬುವ ವರ್ಷದಲ್ಲಿ. ಒಂದೇ ದೇಶದೊಳಗೂ ಈ ಗಡಿ ಬದಲಾಗುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಜುಲೈ 31ರೊಳಗೆ ಐದು ತುಂಬುವ ಮಗು ಆ ವರ್ಷದ ಆರಂಭದಲ್ಲೇ ಸೇರಬಹುದು, ಪಕ್ಕದ ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ ತುಂಬಬೇಕು. ಜೂನ್‌ನಲ್ಲಿ ಹುಟ್ಟಿದ ಮಗುವಿಗೆ ಇದರಿಂದ ಇಡೀ ಒಂದು ವರ್ಷ ವ್ಯತ್ಯಾಸವಾಗುತ್ತದೆ. ಆ ವರ್ಷಕ್ಕೆ ಶಾಲೆಯ ಬದಲು ಡೇಕೇರ್ ಹುಡುಕಬೇಕು, ಅದರ ಖರ್ಚೂ ಹೊರಬೇಕು.

ಹೊಸ ಊರಿನ ಶಿಕ್ಷಣ ಇಲಾಖೆಗೆ ಹುಟ್ಟಿದ ದಿನಾಂಕ ಮಾತ್ರ ಕೊಟ್ಟು "ಈ ಮಗು ಯಾವ ತರಗತಿಗೆ?" ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಮೇಲಿನ ಕ್ಲಾಸಿಗೆ ಹಾಕಿಸಿಕೊಳ್ಳಲು ಜಗಳವಾಡುವ ಪೋಷಕರು ಬಹಳ. ಹೊಸ ಭಾಷೆ, ಹೊಸ ಊರು ಎರಡನ್ನೂ ಎದುರಿಸುವ ಮಗುವಿಗೆ ಒಂದು ಕ್ಲಾಸು ಕೆಳಗೆ ಕೂರುವುದು ಎಷ್ಟೋ ಸಲ ಒಳ್ಳೆಯದೇ.

ಹಂತ 3: ಹಳೆಯ ಊರು ಬಿಡುವ ಮೊದಲು ದಾಖಲೆ

ಹಳೆಯ ಶಾಲೆ ರಜೆಯಲ್ಲಿ ಮುಚ್ಚಿದ ಮೇಲೆ ಕಾಗದ ತರಿಸುವುದು ದೊಡ್ಡ ತಲೆನೋವು. ಹೊರಡುವ ಎರಡು ತಿಂಗಳ ಮೊದಲೇ ಇವನ್ನು ಕೇಳಿ:

- ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್. ಎರಡರಲ್ಲೂ ಹೆಸರಿನ ಅಕ್ಷರಗಳು ಒಂದೇ ಇರಬೇಕು.
- ಕಳೆದ ಎರಡು ವರ್ಷದ ಮಾರ್ಕ್ಸ್ ಕಾರ್ಡ್, ವರ್ಗಾವಣೆ ಪತ್ರ ಅಂದರೆ ಟಿಸಿ.
- ಪ್ರೌಢಶಾಲೆಯ ಮಕ್ಕಳಿಗೆ ಪ್ರತಿ ವಿಷಯದ ಪಠ್ಯಕ್ರಮ ಮತ್ತು ಈವರೆಗೆ ಮುಗಿದ ಅಧ್ಯಾಯಗಳ ಪಟ್ಟಿ.
- ಲಸಿಕೆಯ ಪೂರ್ತಿ ದಾಖಲೆ, ಅಲರ್ಜಿ ಅಥವಾ ಕಾಯಿಲೆ ಇದ್ದರೆ ವೈದ್ಯರ ಪತ್ರ.
- ಒಬ್ಬ ಪೋಷಕರು ಮಾತ್ರ ಜೊತೆಗಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಅಥವಾ ಕೋರ್ಟಿನ ಆದೇಶ.

ಇವುಗಳಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಲಸಿಕೆಯ ಕಾರ್ಡಿನಲ್ಲಿ. ಕಾರ್ಡಿನ ಮೇಲೆ ಕಂಪನಿಯ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಬೇರೆ ದೇಶದವರಿಗೆ ಅರ್ಥವಾಗದು. ಯಾವ ಯಾವ ರೋಗದ ವಿರುದ್ಧ, ಎಷ್ಟನೇ ಡೋಸ್, ಯಾವ ದಿನಾಂಕ ಎಂದು ವೈದ್ಯರಿಂದ ಬರೆಸಿ ಸಹಿ, ಮುದ್ರೆ ಹಾಕಿಸಿ. ದಡಾರದ ಲಸಿಕೆಯನ್ನು ವಿಶೇಷವಾಗಿ ಗಮನಿಸಿ. ಕೆಲವು ದೇಶಗಳಲ್ಲಿ ಅದನ್ನು 9 ತಿಂಗಳಿಗೇ ಹಾಕುತ್ತಾರೆ, ಆದರೆ ಅಮೆರಿಕದಂಥ ಕಡೆ ಒಂದು ವರ್ಷಕ್ಕೆ ಮೊದಲು ಹಾಕಿದ ಡೋಸ್ ಲೆಕ್ಕಕ್ಕೇ ಬರುವುದಿಲ್ಲ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ಡೇಕೇರ್‌ಗೂ ಶಾಲೆಗೂ ದಡಾರದ ರಕ್ಷಣೆಯ ಪುರಾವೆ ಕಡ್ಡಾಯ: ಒಂದು ವರ್ಷ ತುಂಬಿದವರಿಗೆ ಒಂದು ಡೋಸ್, ಎರಡು ತುಂಬಿದವರಿಗೆ ಎರಡು. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಅಂತರ ಬೇಕು. ಆದ್ದರಿಂದ ಕೊನೆಯ ವಾರದಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ದೇಶ ಬದಲಿಸುವವರು ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶದವರಿಗೆ ದೃಢಪಡಿಸುವ ಸರ್ಕಾರಿ ಮುದ್ರೆ, ಬೇಕೇ ಎಂದು ವಿಚಾರಿಸಿ. 1961ರ ಹೇಗ್ ಒಪ್ಪಂದದಡಿ ಬರುವ ಈ ಮುದ್ರೆಯನ್ನು ದಾಖಲೆ ಕೊಟ್ಟ ದೇಶವೇ ಹಾಕಬೇಕು, ನೀವು ಹೋಗುವ ದೇಶ ಹಾಕಲಾರದು. ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ, ಅದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಅನುವಾದವನ್ನು ಮಾತ್ರ ಅವಸರದಲ್ಲಿ ಇಲ್ಲೇ ಮಾಡಿಸಬೇಡಿ. ತಮ್ಮಲ್ಲಿ ಮಾನ್ಯತೆ ಪಡೆದ ಅನುವಾದಕರದ್ದೇ ಬೇಕು ಎನ್ನುವ ದೇಶಗಳು ಹಲವು.

ಮಗುವಿಗೆ ವಿಶೇಷ ಕಲಿಕಾ ನೆರವು ಸಿಗುತ್ತಿದ್ದರೆ ಅದು ತಾನಾಗಿ ಜೊತೆಗೆ ಬರುತ್ತದೆ ಎಂದು ನಂಬಬೇಡಿ. ಅಮೆರಿಕದೊಳಗೆ ಶಾಲಾ ಜಿಲ್ಲೆ ಬದಲಿಸಿದರೆ ಹೊಸ ಜಿಲ್ಲೆ ಹಳೆಯದಕ್ಕೆ ಹೋಲುವ ಸೇವೆ ಕೊಡಬೇಕೆಂದು ಕಾನೂನಿದೆ. ಇಂಗ್ಲೆಂಡಿನೊಳಗೆ ಮಗುವಿಗೆ ಬರೆದುಕೊಟ್ಟ ವಿಶೇಷ ನೆರವಿನ ಯೋಜನೆ ಹೊಸ ಸ್ಥಳೀಯ ಆಡಳಿತಕ್ಕೆ ವರ್ಗವಾಗುತ್ತದೆ. ದೇಶದ ಗಡಿ ದಾಟಿದರೆ ಇಂಥ ರಕ್ಷಣೆ ಇಲ್ಲ, ಮೌಲ್ಯಮಾಪನ ಹೊಸದಾಗಿಯೇ ಆಗಬೇಕಾಗಬಹುದು. ಇತ್ತೀಚಿನ ವರದಿ, ಚಿಕಿತ್ಸಕರ ಟಿಪ್ಪಣಿ, ತರಗತಿಯಲ್ಲಿ ಏನು ಮಾಡಿದರೆ ಮಗುವಿಗೆ ಅನುಕೂಲವಾಗುತ್ತದೆ ಎಂದು ಈಗಿನ ಶಿಕ್ಷಕರು ಬರೆದ ಒಂದು ಪುಟ, ಈ ಮೂರನ್ನು ಜೊತೆಗಿಟ್ಟುಕೊಳ್ಳಿ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಹೊಸ ಶಿಕ್ಷಕರು ಮೊದಲು ಓದುವುದು ಅದನ್ನೇ.

ಹಂತ 4: ಡೇಕೇರ್ ಸರದಿಯಲ್ಲಿ ಹೆಸರು ಬರೆಸುವುದು

ಊರು ಖಚಿತವಾದ ದಿನವೇ ಕನಿಷ್ಠ ಐದಾರು ಕಡೆ ಅರ್ಜಿ ಹಾಕಿ. "ನಮ್ಮದು ಎಷ್ಟನೇ ನಂಬರು?" ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಹೆಚ್ಚೇನೂ ತಿಳಿಯದು. ಅಲ್ಲಿ ಈಗಾಗಲೇ ಇರುವ ಮಕ್ಕಳ ತಮ್ಮ ತಂಗಿಯರು, ಸಿಬ್ಬಂದಿಯ ಮಕ್ಕಳು ಮುಂದೆ ನುಗ್ಗುತ್ತಾರೆ. ಅದರ ಬದಲು ಈ ಮೂರನ್ನು ಕೇಳಿ: ಸೀಟು ಕೊಡುವುದು ಅರ್ಜಿಯ ದಿನಾಂಕ ನೋಡಿಯೋ, ಆದ್ಯತೆ ನೋಡಿಯೋ? ನಮ್ಮ ಮಗುವಿನ ವಯಸ್ಸಿನ ಗುಂಪಿನಲ್ಲಿ ಹೋದ ವರ್ಷ ಎಷ್ಟು ಜಾಗ ಖಾಲಿಯಾದವು? ಯಾವ ತಿಂಗಳಲ್ಲಿ?

ದೊಡ್ಡ ಮಕ್ಕಳು ಶಾಲೆಗೆ ಹೋದಾಗ ಅವರ ಜಾಗಕ್ಕೆ ಕೆಳಗಿನ ಗುಂಪು ಏರುತ್ತದೆ, ಹಾಗಾಗಿ ಶಾಲಾ ವರ್ಷ ಶುರುವಾಗುವ ತಿಂಗಳಲ್ಲೇ ಹೆಚ್ಚು ಜಾಗ ತೆರವಾಗುತ್ತದೆ. ವರ್ಷದ ಮಧ್ಯೆ ಹೋಗುವವರಿಗೆ ಸೀಟು ಸಿಗುವುದು ಬಹುತೇಕ ಅದೃಷ್ಟದ ಮಾತು. ಎಳೆಗೂಸುಗಳ ಕೋಣೆಯಲ್ಲಿ ಇನ್ನೂ ಕಷ್ಟ, ಏಕೆಂದರೆ ಒಬ್ಬ ಆಯಾ ನೋಡಿಕೊಳ್ಳಬಹುದಾದ ಮಕ್ಕಳ ಸಂಖ್ಯೆ ಅಲ್ಲಿ ತೀರಾ ಕಡಿಮೆ.

ಅರ್ಜಿ ಹಾಕಿ ಸುಮ್ಮನೆ ಕೂರಬೇಡಿ. ತಿಂಗಳಿಗೊಮ್ಮೆ ಎರಡು ಸಾಲಿನ ಇಮೇಲ್ ಕಳಿಸಿ. ಉತ್ತರಿಸದವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಕಡೆಗಳಿವೆ. ನೋಂದಣಿ ಶುಲ್ಕ ಬೇರೆ, ಠೇವಣಿ ಬೇರೆ. ಠೇವಣಿ ಯಾವಾಗ ವಾಪಸಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯದೆ ಹಣ ಕಟ್ಟಬೇಡಿ.

ಜೊತೆಗೆ, ಸೀಟು ಸಿಗದಿದ್ದರೆ ಮೊದಲ ಮೂರು ತಿಂಗಳು ಏನು ಎಂಬುದನ್ನು ಈಗಲೇ ಗೊತ್ತುಮಾಡಿ. ಪರವಾನಗಿ ಇರುವ ಮನೆ-ಡೇಕೇರ್, ಇನ್ನೊಂದು ಕುಟುಂಬದೊಡನೆ ಹಂಚಿಕೊಂಡು ನೇಮಿಸುವ ಆಯಾ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಸೇರುವ ದಿನಗಳನ್ನು ಹಿಂದುಮುಂದು ಮಾಡಿಕೊಳ್ಳುವುದು, ಇವು ದಾರಿಗಳು. ಅಜ್ಜಿಯನ್ನು ಕರೆಸುವ ಯೋಚನೆಯಿದ್ದರೆ ವೀಸಾದ ಅವಧಿ ಮೊದಲು ನೋಡಿ.

ಹಂತ 5: ಡೇಕೇರ್ ನೋಡಿ ಬರುವುದು

ಭೇಟಿಗೆ ಮೊದಲೇ ಪರವಾನಗಿ ಸಂಖ್ಯೆ, ಕೊನೆಯ ತಪಾಸಣೆಯ ವರದಿ ಓದಿಕೊಳ್ಳಿ. ಒಂದು ಸಣ್ಣ ಲೋಪ ಬರೆದಿದ್ದರೆ ಹೆದರುವುದು ಬೇಡ, ಅದೇ ಲೋಪ ಎರಡು ವರದಿಗಳಲ್ಲಿ ಮರುಕಳಿಸಿದ್ದರೆ ಬಿಟ್ಟುಬಿಡಿ.

ಒಬ್ಬರಿಗೆ ಎಷ್ಟು ಮಕ್ಕಳು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಎರಡು ವರ್ಷದವರಿಗೆ 2023ರ ಸೆಪ್ಟೆಂಬರ್‌ನಿಂದ ಐದಕ್ಕೆ ಒಬ್ಬರು, ಅದಕ್ಕೆ ಮೊದಲು ನಾಲ್ಕಕ್ಕೆ ಒಬ್ಬರಿದ್ದರು. ಎಳೆಗೂಸುಗಳಿಗೆ ನಾಲ್ಕಕ್ಕೆ ಒಬ್ಬರಿಗಿಂತ ಕಡಿಮೆ ಜನರಿದ್ದರೆ ಎರಡು ಸಲ ಯೋಚಿಸಿ. ಆದರೆ ಗೋಡೆಯ ಮೇಲೆ ಬರೆದ ಸಂಖ್ಯೆ ಹಗಲು ಹನ್ನೊಂದು ಗಂಟೆಯದು. ಬೆಳಿಗ್ಗೆ ಬಾಗಿಲು ತೆಗೆಯುವಾಗ, ಮಕ್ಕಳು ಮಲಗಿದಾಗ, ಸಂಜೆಯ ಕೊನೆಯ ಅರ್ಧ ಗಂಟೆಯಲ್ಲಿ ಎಷ್ಟು ಜನ ಇರುತ್ತಾರೆ ಎಂದು ಕೇಳಿ. ಸಾಧ್ಯವಾದರೆ ಎರಡನೇ ಭೇಟಿಯನ್ನು ಸಂಜೆಗೇ ಇಟ್ಟುಕೊಳ್ಳಿ. ದಣಿದ ಸಿಬ್ಬಂದಿ ದಣಿದ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಆಗ ಕಾಣುತ್ತದೆ.

ಮಲಗುವ ಕೋಣೆಗೆ ಹೋಗಿ ನೋಡಿ. ಒಂದು ವರ್ಷದೊಳಗಿನ ಮಗುವನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು ಮತ್ತು ಸಡಿಲ ಹೊದಿಕೆ ಇಲ್ಲದೆ ಮಲಗಿಸಬೇಕು. ಕಾರಿನ ಸೀಟಿನಲ್ಲೋ ಉಯ್ಯಾಲೆಯಲ್ಲೋ ನಿದ್ದೆ ಮಾಡಲು ಬಿಟ್ಟಿದ್ದರೆ ಅಲ್ಲಿಂದ ಹೊರಡಿ. ಆಮೇಲೆ ಜ್ವರ ಬಂದರೆ ಎಷ್ಟು ದಿನ ಮನೆಯಲ್ಲಿಟ್ಟುಕೊಳ್ಳಬೇಕು, ಔಷಧಿ ಯಾರು ಕೊಡುತ್ತಾರೆ, ಪ್ರಥಮ ಚಿಕಿತ್ಸೆ ಕಲಿತವರು ಯಾವಾಗಲೂ ಇರುತ್ತಾರೆಯೇ, ಮಗುವನ್ನು ಕರೆದೊಯ್ಯಲು ಬಂದವರನ್ನು ಹೇಗೆ ಗುರುತಿಸುತ್ತಾರೆ, ವರ್ಷಕ್ಕೆ ಎಷ್ಟು ದಿನ ಮುಚ್ಚಿರುತ್ತದೆ ಎಂದು ವಿಚಾರಿಸಿ.

ದೂರದಿಂದಲೇ ಆರಿಸಬೇಕಾದರೆ ಅವರು ಕಳಿಸುವ ವಿಡಿಯೊ ಸಾಲದು. ವಿಡಿಯೊ ಕರೆಯಲ್ಲಿ ಗೇಟಿನಿಂದ ಶುರುಮಾಡಿ ಶೌಚಾಲಯ, ಅಡುಗೆಮನೆ, ಆಟದ ಜಾಗದವರೆಗೆ ನಡೆದು ತೋರಿಸಲು ಕೇಳಿ. ಮಕ್ಕಳ ಮುಖ ತೋರಿಸಲು ಒಪ್ಪದಿದ್ದರೆ ಬೇಸರ ಬೇಡ, ಅದು ಒಳ್ಳೆಯ ಲಕ್ಷಣ.

*ಎಚ್ಚರಿಕೆಯ ಸೂಚನೆಗಳು:* ಸೇರಿಸಿದ ಮೇಲೆ ಪೋಷಕರು ಹೇಳದೆ ಬರುವಂತಿಲ್ಲ ಎನ್ನುವುದು. ಸಿಬ್ಬಂದಿಗೆ ಮಕ್ಕಳ ಹೆಸರು ಗೊತ್ತಿಲ್ಲದಿರುವುದು. ಹೋದ ವರ್ಷ ಎಷ್ಟು ಜನ ಕೆಲಸ ಬಿಟ್ಟರು ಎಂದರೆ ಮಾತು ಹಾರಿಸುವುದು. "ಇವತ್ತೇ ಕಟ್ಟಿದರೆ ಮಾತ್ರ ಸೀಟು" ಎಂದು ಅವಸರಪಡಿಸುವುದು.

ಹಂತ 6: ಶಾಲೆಯ ಆಯ್ಕೆ

ವೆಬ್‌ಸೈಟಿನ ರ‍್ಯಾಂಕು ನೋಡಿ ಪಟ್ಟಿ ಮಾಡುವುದಕ್ಕಿಂತ ಮೊದಲು ಕಚೇರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಆ ತರಗತಿಯಲ್ಲಿ ಆ ತಿಂಗಳಿಗೆ ಸೀಟು ಇದೆಯೇ? ಅರ್ಧ ಪಟ್ಟಿ ಅಲ್ಲಿಗೇ ಮುಗಿಯುತ್ತದೆ. ಅಂಕಪಟ್ಟಿಯ ಮೇಲೆ ನಿಂತ ರ‍್ಯಾಂಕಿನಲ್ಲಿ ಪಾಠದ ಗುಣಮಟ್ಟದಷ್ಟೇ ಆ ಬಡಾವಣೆಯ ಪೋಷಕರ ಸ್ಥಿತಿಗತಿಯೂ ಕಾಣುತ್ತಿರುತ್ತದೆ.

ಆಮೇಲೆ ಪಠ್ಯಕ್ರಮ. ಚಿಕ್ಕ ತರಗತಿಗಳಲ್ಲಿ ಬೋರ್ಡು ಯಾವುದಾದರೂ ಮಗು ಹೊಂದಿಕೊಳ್ಳುತ್ತದೆ. ನಿಜವಾದ ತೊಂದರೆ ಇರುವುದು ಎರಡು ವರ್ಷ ಜೋಡಿಯಾಗಿ ನಡೆಯುವ ಕೋರ್ಸುಗಳಲ್ಲಿ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಆರು ವಿಷಯಗಳ ಎರಡು ವರ್ಷದ ಕೋರ್ಸು, ಇಂಗ್ಲೆಂಡಿನ ಪ್ರೌಢಶಾಲಾ ಪರೀಕ್ಷೆಯಾದ ಜಿಸಿಎಸ್‌ಇ ಸಾಮಾನ್ಯವಾಗಿ 10 ಮತ್ತು 11ನೇ ಶಾಲಾ ವರ್ಷದಲ್ಲಿ, ಅದರ ನಂತರದ ಎ ಲೆವೆಲ್ 12 ಮತ್ತು 13ರಲ್ಲಿ. ಇವುಗಳ ನಡುವೆ ಶಾಲೆ ಬದಲಿಸಿದರೆ ವಿಷಯಗಳು, ಆರಿಸಿದ ಪಠ್ಯಭಾಗ, ಆಂತರಿಕ ಮೌಲ್ಯಮಾಪನ ಯಾವುದೂ ತಾಳೆಯಾಗದಿರಬಹುದು. ಮಗು ಇಂಥ ಜೋಡಿಯ ಮೊದಲ ವರ್ಷ ಮುಗಿಸಿದ್ದರೆ, ಸಾಧ್ಯವಾದಲ್ಲಿ ಒಬ್ಬ ಪೋಷಕರು ಅಲ್ಲೇ ಉಳಿದು ಕೋರ್ಸು ಮುಗಿಸಿಸುವುದು ಮೇಲು. ಗಣಿತವನ್ನೂ ಪ್ರತ್ಯೇಕವಾಗಿ ನೋಡಿ. ಅಮೆರಿಕದ ಹಲವು ಪ್ರೌಢಶಾಲೆಗಳಲ್ಲಿ ಬೀಜಗಣಿತ ಒಂದು ವರ್ಷ, ರೇಖಾಗಣಿತ ಇನ್ನೊಂದು ವರ್ಷ. ಎಲ್ಲವನ್ನೂ ಒಟ್ಟಿಗೆ ಕಲಿತ ಮಗುವಿಗೆ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಎಂಬ ಸ್ಥಿತಿ ಬರುತ್ತದೆ.

ಕಲಿಕೆಯ ಭಾಷೆ ಬದಲಾಗುವುದಾದರೆ "ಭಾಷಾ ನೆರವು ಇದೆ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ವಾರಕ್ಕೆ ಎಷ್ಟು ಗಂಟೆ, ತರಗತಿಯೊಳಗೋ ಹೊರಗೆ ಕರೆದೊಯ್ದೋ, ಎಷ್ಟು ವರ್ಷದವರೆಗೆ ಎಂದು ಕೇಳಿ. ಆಟದ ಮೈದಾನದ ಮಾತು ಸುಮಾರು ಎರಡು ವರ್ಷದಲ್ಲಿ ಹತ್ತುತ್ತದೆ, ಪಾಠ ಮತ್ತು ಪರೀಕ್ಷೆಯ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂಬುದನ್ನು ಭಾಷಾತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟಿದ್ದಾರೆ. ಮಗು ಚೆನ್ನಾಗಿ ಮಾತಾಡುತ್ತದೆ ಎಂದು ಒಂದೇ ವರ್ಷಕ್ಕೆ ನೆರವು ನಿಲ್ಲಿಸುವ ಶಾಲೆಯಲ್ಲಿ ವಿಜ್ಞಾನ, ಸಮಾಜದ ಅಂಕಗಳು ಆಮೇಲೆ ಕುಸಿಯುತ್ತವೆ. ಕಾರಣ ಭಾಷೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಹಂತ 7: ಈಗ ಮನೆ

ಶಾಲೆಯ ವ್ಯಾಪ್ತಿಯ ನಕ್ಷೆಯಲ್ಲಿ ಬಡಾವಣೆಯ ಹೆಸರು ಹುಡುಕಬೇಡಿ, ಮನೆ ನಂಬರನ್ನೇ ಹಾಕಿ ನೋಡಿ. ಗಡಿ ರಸ್ತೆಯ ನಡುವೆ ಹಾದುಹೋಗಿ ಎದುರುಮನೆಗೆ ಬೇರೆ ಶಾಲೆ ಬರುವುದು ಸಾಮಾನ್ಯ. ದಲ್ಲಾಳಿಯ ಮಾತು ಇಲ್ಲಿ ಪುರಾವೆಯಲ್ಲ. ವ್ಯಾಪ್ತಿಯೊಳಗಿದ್ದರೂ ತರಗತಿ ತುಂಬಿದ್ದರೆ ಮಗುವನ್ನು ಮುಂದಿನ ಶಾಲೆಗೆ ಕಳಿಸಬಹುದು. ಹಾಗಾಗಿ ಸಹಿಗೆ ಮೊದಲು ಆ ವಿಳಾಸ ಬರೆದು ಶಿಕ್ಷಣ ಕಚೇರಿಗೆ ಇಮೇಲ್ ಮಾಡಿ ಉತ್ತರ ಪಡೆಯಿರಿ.

ವಿಳಾಸದ ಪುರಾವೆಯಾಗಿ ಏನನ್ನು ಒಪ್ಪುತ್ತಾರೆ ಎಂಬುದೂ ಮುಖ್ಯ. ವಿದ್ಯುತ್ ಬಿಲ್ಲೇ ಬೇಕೆಂದರೆ ಮೊದಲ ಬಿಲ್ ಬರುವವರೆಗೆ ವಾರಗಳು ಹೋಗುತ್ತವೆ. ಕೆಲವು ವಾರ ಹೋಟೆಲಿನಲ್ಲಿ ಅಥವಾ ತಾತ್ಕಾಲಿಕ ಮನೆಯಲ್ಲಿ ಇರುವುದಾದರೆ ಅದನ್ನೂ ಅದೇ ಶಾಲೆಯ ವ್ಯಾಪ್ತಿಯಲ್ಲೇ ಹಿಡಿಯಿರಿ, ಇಲ್ಲದಿದ್ದರೆ ಮಗುವಿಗೆ ಎರಡು ಸಲ ಶಾಲೆ ಬದಲಾಗುತ್ತದೆ. ನೆಂಟರ ವಿಳಾಸ ಕೊಡುವ ಉಪಾಯ ಬೇಡ. ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೇ ವಾಪಸು ಪಡೆಯಬಹುದು.

ಎಲ್ಲ ಮುಗಿಯಿತು ಎನ್ನುವಾಗ ಬಹಳ ಜನರಿಗೆ ನೆನಪಾಗುವುದು ಶಾಲೆ ಬಿಟ್ಟ ನಂತರದ ಹೊತ್ತು. ಶಾಲೆ ಮಧ್ಯಾಹ್ನ ಎರಡು ಮೂರು ಗಂಟೆಗೆ ಮುಗಿದರೆ ಆಫೀಸು ಐದು ಆರಕ್ಕೆ. ಶಾಲೆಯಲ್ಲೇ ಸಂಜೆಯ ಪಾಲನೆ ಇದ್ದರೆ ಅದಕ್ಕೂ ಪ್ರತ್ಯೇಕ ವೇಟಿಂಗ್ ಲಿಸ್ಟ್ ಇರುವುದುಂಟು. ಅಡ್ಮಿಷನ್ ಫಾರ್ಮ್ ಕೊಡುವ ದಿನವೇ ಅದಕ್ಕೂ ಹೆಸರು ಬರೆಸಿ. ಶಾಲೆಯ ರಜಾಪಟ್ಟಿಯನ್ನು ಇಬ್ಬರ ಆಫೀಸಿನ ರಜೆಯ ಪಕ್ಕ ಇಟ್ಟು ಎಷ್ಟು ದಿನ ಖಾಲಿ ಬೀಳುತ್ತದೆ ಎಂದು ಎಣಿಸಿ.

ಹಂತ 8: ಮೊದಲ ವಾರಗಳು

ಡೇಕೇರ್‌ಗೆ ಸೇರಿಸಿದ ದಿನವೇ ಕೆಲಸಕ್ಕೆ ಹೋಗುವ ಯೋಜನೆ ಹಾಕಬೇಡಿ. ಬರ್ಲಿನ್ ಪದ್ಧತಿ ಎಂದು ಹೆಸರಾದ ಕ್ರಮ ಹೀಗಿದೆ: ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆ ಸುಮಾರು ಒಂದು ಗಂಟೆ ಅಲ್ಲೇ ಇದ್ದು ಒಟ್ಟಿಗೆ ವಾಪಸಾಗುವುದು. ನಾಲ್ಕನೇ ದಿನ ಹೇಳಿ ಹೊರಗೆ ಹೋಗಿ, ಮಗು ಸಮಾಧಾನವಾಗಿದ್ದರೆ ಅರ್ಧ ಗಂಟೆಯೊಳಗೆ ಬರುವುದು. ಆಯಾ ಎತ್ತಿಕೊಂಡಾಗ ಅಳು ನಿಲ್ಲುತ್ತಿದ್ದರೆ ಮುಂದೆ ಹೊತ್ತು ಹೆಚ್ಚಿಸಬಹುದು. ನಿಲ್ಲದಿದ್ದರೆ ಮತ್ತೆ ಕೆಲವು ದಿನ ಜೊತೆಗಿರಬೇಕು. ಎರಡು ಮೂರು ವಾರ ಕೈಯಲ್ಲಿರಲಿ. ಮಗುವಿನ ಕಣ್ಣು ತಪ್ಪಿಸಿ ಓಡಿಹೋಗುವುದು ಆ ದಿನಕ್ಕೆ ಸುಲಭ, ಮರುದಿನದಿಂದ ಮಗು ನಿಮ್ಮನ್ನು ಬಿಡುವುದೇ ಇಲ್ಲ.

ಶಾಲೆಯ ಮಗುವಿಗೆ ಮೊದಲ ದಿನಕ್ಕೆ ಮುನ್ನ ಶೌಚಾಲಯ ಎಲ್ಲಿ, ಊಟ ಎಲ್ಲಿ, ಬಸ್ಸಿನ ನಂಬರು ಎಷ್ಟು, ತೊಂದರೆಯಾದರೆ ಯಾರ ಬಳಿ ಹೋಗಬೇಕು ಎಂಬ ನಾಲ್ಕು ಸಂಗತಿ ಗೊತ್ತಿದ್ದರೆ ಸಾಕು. ಮೊದಲ ಒಂದೂವರೆ ತಿಂಗಳ ಸಿಡುಕು, ಅಳು ಸಹಜ. ಆದರೆ ಶಾಲೆಯ ದಿನಗಳಂದು ಮಾತ್ರ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಒಬ್ಬರ ಹೆಸರೂ ಮನೆಯಲ್ಲಿ ಹೇಳದಿರುವುದು ಅದರಾಚೆಗೂ ಮುಂದುವರಿದರೆ ತರಗತಿ ಶಿಕ್ಷಕರನ್ನು ಭೇಟಿ ಮಾಡಿ.

ಉಳಿದ ಡೇಕೇರ್, ಶಾಲೆಗಳ ಪಟ್ಟಿಯಿಂದ ಹೆಸರು ತೆಗೆಸುವುದನ್ನು ಮಗು ಒಂದು ತಿಂಗಳು ನೆಮ್ಮದಿಯಾಗಿ ಹೋಗಿಬರುವವರೆಗೆ ಮುಂದೂಡಿ. ಆಮೇಲೆ ಪ್ರತಿಯೊಂದಕ್ಕೂ ಇಮೇಲ್‌ನಲ್ಲಿ ತಿಳಿಸಿ, ಕಟ್ಟಿದ ಠೇವಣಿಯನ್ನು ಅದೇ ಪತ್ರದಲ್ಲಿ ವಾಪಸು ಕೇಳಿ.